ಮಡಕೆಯೊಳಗಿನದು ಮತ್ತು ಮನಸ್ಸಿನೊಳಗಿನದು: ವ್ಯಸನದ ‘ಅಪಾಯಕಾರಿ ಅಂಶ’ಗಳ ಸಂಶೋಧನೆ ಹಾಗೂ ರಾಯಚೂರು ಸೀಮೆಯ ಸೇಂದಿ

ವ್ಯಸನಕ್ಕೆ ಬೀಳುವವರು ಯಾರು, ಬೀಳದೆ ಉಳಿಯುವವರು ಯಾರು ಎಂಬ ಪ್ರಶ್ನೆಗೆ ಮನೋವಿಜ್ಞಾನವು ಕಳೆದ ಐದು ದಶಕಗಳಲ್ಲಿ ನೀಡಿರುವ ಉತ್ತರಗಳು ಬಹುಮಟ್ಟಿಗೆ ‘ಅಪಾಯಕಾರಿ ಅಂಶಗಳು’ ಎಂಬ ಪರಿಕಲ್ಪನೆಯ ಸುತ್ತ ಬೆಳೆದಿವೆ. ತಂದೆಯ ಕುಡಿತ, ಬಾಲ್ಯದಲ್ಲಿ ಅನುಭವಿಸಿದ ಹಿಂಸೆ, ದುಡುಕು ಸ್ವಭಾವ, ಶಾಲೆಯಲ್ಲಿನ ಸೋಲು, ಕುಡಿಯುವ ಗೆಳೆಯರ ಸಹವಾಸ, ಎಳೆಯ ವಯಸ್ಸಿನಲ್ಲೇ ಆದ ಮೊದಲ ರುಚಿ ಎಂದು ಸಾಗುವ ಈ ಪಟ್ಟಿ ಇಂದು ವೈದ್ಯರ ಕೈಪಿಡಿಯಿಂದ ಶಾಲೆಯ ಜಾಗೃತಿ ಶಿಬಿರದ ಭಾಷಣದವರೆಗೆ ಹರಡಿದೆ. ಪಟ್ಟಿಯ ಒಂದೊಂದು ಅಂಶದ ಹಿಂದೆಯೂ ಶ್ರಮದ ಸಂಶೋಧನೆಯಿದೆ. ಅದನ್ನು ಅಲ್ಲಗಳೆಯುವುದು ಪ್ರಸ್ತುತ ಲೇಖನದ ಉದ್ದೇಶವಲ್ಲ. ರಾಯಚೂರು ನಗರ, ದೇವದುರ್ಗ ಮತ್ತು ಮಾನ್ವಿ ಪರಿಸರದ ಸೇಂದಿ ಕುಡಿತವನ್ನು ಎದುರಿಗಿಟ್ಟುಕೊಂಡಾಗ ಆ ಸಂಶೋಧನೆ ಎಲ್ಲಿ ನಿಲ್ಲುತ್ತದೆ, ಎಲ್ಲಿ ಜಾರುತ್ತದೆ ಎಂಬುದನ್ನು ಜಾನಪದದ ನೆಲೆಯಿಂದ ಪರಿಶೀಲಿಸುವುದಷ್ಟೇ ಇಲ್ಲಿನ ಪ್ರಯತ್ನ.

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಈ ಸೀಮೆ 1948ರವರೆಗೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಆಬ್ಕಾರಿಯು ಆ ಸಂಸ್ಥಾನದ ದೊಡ್ಡ ವರಮಾನ ಮೂಲಗಳಲ್ಲಿ ಒಂದಾಗಿತ್ತು; 1947–48ರ ವಿಲೀನ ಹೋರಾಟದಲ್ಲಿ ಸೇಂದಿಮರಗಳನ್ನು ಕಡಿಯುವುದು ಚಳವಳಿಯ ಒಂದು ಬಗೆಯಾಗಿದ್ದುದು ಈ ಕಾರಣದಿಂದಲೇ. ಹೆಸರುಗಳಲ್ಲಿಯೂ ಆ ಚರಿತ್ರೆ ಉಳಿದಿದೆ. ಹಳೆ ಮೈಸೂರಿನವರು ಹೆಂಡ ಎನ್ನುವುದು ಇಲ್ಲಿ ಸೇಂದಿ. ತೆಲುಗು ಮನೆಮಾತಿನವರಿಗೆ ಅದು ಕಲ್ಲು. ಮರವೇರಿ ಇಳಿಸುವುದು ಈಡಿಗರ ಕುಲಕಸುಬು. ಹೊಲದಿಂದ ಮರಳಿದ ಕೂಲಿಯವರು, ಹೆಣ್ಣಾಗಲಿ ಗಂಡಾಗಲಿ, ದಣಿದ ಮೈಗೆ ತಂಪೆಂದು ಸೇಂದಿ ಕುಡಿದದ್ದುಂಟು. ಗ್ರಾಮದೇವತೆಯ ಎಡೆಯಲ್ಲೂ ಅದಕ್ಕೆ ಸ್ಥಾನವಿತ್ತು. ಅದನ್ನು ಸಾರಾಯಿಯ ಸಾಲಿಗೆ ಸೇರಿಸುವುದು ಜನರ ವಾಡಿಕೆಯಾಗಿರಲಿಲ್ಲ. ಈಚಲು ಮರದಿಂದ ಇಳಿಸಿದ ರಸ ಕೆಲವೇ ಗಂಟೆಗಳಲ್ಲಿ ಹುದುಗಿ ಸೇಂದಿಯಾಗುತ್ತದೆ. ಅದರಲ್ಲಿನ ಮದ್ಯಸಾರ ಶೇ. 4–5ರ ಆಸುಪಾಸಿನದು, ಒಂದೆರಡು ದಿನ ಕಳೆದರೆ ಅದು ಹುಳಿಯಾಗಿ ಕುಡಿಯಲು ಬಾರದು. ಮರಕ್ಕೂ ಋತುವಿದೆ. ಎಷ್ಟು ಕುಡಿಯಬಹುದೆಂಬ ಮಿತಿಯನ್ನು ಕುಡಿಯುವವನ ಸಂಯಮಕ್ಕಿಂತ ಮೊದಲು ಮರವೇ ವಿಧಿಸುತ್ತಿತ್ತು ಎಂಬುದನ್ನು ಇಲ್ಲಿ ಗಮನಿಸಬೇಕು.

ಈ ಮಿತಿಯನ್ನು ಮುರಿದದ್ದು ಸಿ.ಎಚ್. ಪೌಡರ್. ಕ್ಲೋರಲ್ ಹೈಡ್ರೇಟ್ ಎಂಬುದು ಇದರ ಪೂರ್ಣ ಹೆಸರು. 1832ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಲೀಬಿಗ್ ಇದನ್ನು ತಯಾರಿಸಿದ. 1869ರಲ್ಲಿ ಬರ್ಲಿನ್ನಿನ ಲೀಬ್‌ರೈಷ್ ನಿದ್ರಾಜನಕ ಔಷಧವಾಗಿ ಬಳಕೆಗೆ ತಂದ. ಇದರೊಡನೆ ಡಯಾಜೆಪಾಮ್, ಅಲ್ಪ್ರಜೋಲಾಮ್ ಗುಳಿಗೆಗಳ ಪುಡಿಯೂ ಬೆರೆಯುತ್ತದೆ. ನೀರಿಗೆ ಒಂದಿಷ್ಟು ಸೇಂದಿ, ಸಿಹಿಗೆ ಸ್ಯಾಕರಿನ್, ಅಮಲಿಗೆ ಪುಡಿ ಹಾಕಿದರೆ ಒಂದು ಮರದ ಸೇಂದಿ ಹಲವು ಮರಗಳ ಸೇಂದಿಯಾಗುತ್ತದೆ. ಕರ್ನಾಟಕ ಸರ್ಕಾರ 2004ರಲ್ಲಿ ಸೇಂದಿಯನ್ನೂ 2007ರ ಜುಲೈ 1ರಿಂದ ಸಾರಾಯಿಯನ್ನೂ ನಿಷೇಧಿಸಿತು. ಕಲಬೆರಕೆ ಇದಕ್ಕೂ ಹಿಂದಿನದೇ ಆದರೂ ನಿಷೇಧದ ಅನಂತರ ಸೇಂದಿ ಗುಟ್ಟಿನ ಸರಕಾಯಿತು. ಮರವನ್ನು ಬಚ್ಚಿಡಲಾಗದು, ಪುಡಿಯನ್ನು ಬಚ್ಚಿಡಬಹುದು. ನೆರೆಯ ತೆಲಂಗಾಣದಲ್ಲಿ ಸೇಂದಿ ಕಾನೂನುಬದ್ಧವಾಗಿದ್ದು, ಅದರ ಗಡಿ ರಾಯಚೂರು ನಗರಕ್ಕೆ ಹತ್ತಿರವಿರುವುದೂ ಸೇರಿಕೊಂಡಿತು. ಸಿ.ಎಚ್. ಪೌಡರ್ ಸೇಂದಿಯ ವಶ, ದಾಳಿ, ಬಂಧನದ ವರದಿಗಳು ಈ ಭಾಗದ ಪತ್ರಿಕೆಗಳಲ್ಲಿ ಎಷ್ಟು ಸಾಮಾನ್ಯವೆಂದರೆ ಓದುಗರು ಅವುಗಳನ್ನು ಮಳೆ ವರದಿಯಂತೆ ಓದಿ ಪುಟ ತಿರುವುತ್ತಾರೆ.

ಇನ್ನು ಸಂಶೋಧನೆಯತ್ತ ಬರಬಹುದು. ಅಪಾಯಕಾರಿ ಅಂಶಗಳ ಚಿಂತನೆಗೆ ವ್ಯವಸ್ಥಿತ ರೂಪ ಕೊಟ್ಟ ಬರಹಗಳಲ್ಲಿ ಹಾಕಿನ್ಸ್, ಕ್ಯಾಟಲಾನೊ ಮತ್ತು ಮಿಲ್ಲರ್ ಅವರ 1992ರ ಪ್ರಬಂಧ ಪ್ರಮುಖವಾದುದು. ಹದಿಹರೆಯದವರ ಮಾದಕ ಸೇವನೆಯ ಕುರಿತು ಅದುವರೆಗೆ ನಡೆದ ಅಧ್ಯಯನಗಳನ್ನು ಅವರು ಒಟ್ಟುಗೂಡಿಸಿ ವಿಂಗಡಿಸಿದರು. ಈ ಪ್ರಬಂಧವನ್ನು ಉಲ್ಲೇಖಿಸುವವರು ಅನೇಕರಿದ್ದರೂ ಅದರ ಪಟ್ಟಿಯ ಕ್ರಮವನ್ನು ಗಮನಿಸಿದವರು ಕಡಿಮೆ. ಅಲ್ಲಿ ಮೊದಲು ಬರುವುದು ಕಾನೂನು ಮತ್ತು ಸಾಮಾಜಿಕ ಕಟ್ಟಳೆ, ವಸ್ತುವಿನ ಲಭ್ಯತೆ, ತೀವ್ರ ಬಡತನ, ನೆರೆಹೊರೆಯ ಅಸ್ತವ್ಯಸ್ತತೆ. ಸ್ವಭಾವ, ಕುಟುಂಬ, ಶಾಲೆ, ಗೆಳೆಯರು ಬರುವುದು ಆಮೇಲೆ. ಅನಂತರದ ಸಂಶೋಧನೆಯಲ್ಲಿ ಹಿಂದಿನದು ಮುಂದಾಗಿ ಮೊದಲಿನದು ಬಹುಪಾಲು ಮರೆಗೆ ಸರಿಯಿತು. ಇದಕ್ಕೆ ತಾತ್ತ್ವಿಕ ಕಾರಣಕ್ಕಿಂತ ವಿಧಾನದ ಅನುಕೂಲವೇ ದೊಡ್ಡದೆಂದು ತೋರುತ್ತದೆ. ಒಬ್ಬ ವ್ಯಕ್ತಿಯನ್ನು ಕೂರಿಸಿ ಅವನ ತಂದೆಯ ಬಗ್ಗೆ, ಸಿಟ್ಟಿನ ಬಗ್ಗೆ ಕೇಳಿ ಅಂಕ ಹಾಕಬಹುದು. ಒಂದೇ ಊರಿನ ಇನ್ನೂರು ಜನರಿಗೆ ಲಭ್ಯತೆ ಒಂದೇ ಆಗಿದ್ದಾಗ ಅದು ಅಂಕಿಯಲ್ಲಿ ಯಾವ ವ್ಯತ್ಯಾಸವನ್ನೂ ತೋರಿಸುವುದಿಲ್ಲ. ವ್ಯತ್ಯಾಸ ತೋರಿಸದ್ದು ಕಾರಣವಾಗಿ ಕಾಣುವುದೂ ಇಲ್ಲ. ಊರಿನ ಬಾವಿಯೇ ಕೆಟ್ಟಿರುವಾಗ ಯಾರ ಹೊಟ್ಟೆ ದುರ್ಬಲ ಎಂದು ಹುಡುಕಿದಂತೆ ಇದು.

ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಫೆಲಿಟ್ಟಿ ಮತ್ತು ಸಂಗಡಿಗರು ನಡೆಸಿ 1998ರಲ್ಲಿ ಪ್ರಕಟಿಸಿದ ಬಾಲ್ಯದ ಪ್ರತಿಕೂಲ ಅನುಭವಗಳ ಅಧ್ಯಯನ ಈ ಕ್ಷೇತ್ರದಲ್ಲಿ ಅತಿ ಹೆಚ್ಚು ಮನ್ನಣೆ ಪಡೆದುದು. ಒಂಬತ್ತೂವರೆ ಸಾವಿರಕ್ಕೂ ಹೆಚ್ಚು ವಯಸ್ಕರ ಉತ್ತರಗಳನ್ನು ಆಧರಿಸಿದ ಈ ಅಧ್ಯಯನವು, ನಾಲ್ಕು ಅಥವಾ ಹೆಚ್ಚು ಬಗೆಯ ಪ್ರತಿಕೂಲ ಅನುಭವಗಳಿಗೆ ಒಳಗಾದವರಲ್ಲಿ ಮದ್ಯವ್ಯಸನ, ಮಾದಕ ಸೇವನೆ, ಖಿನ್ನತೆ, ಆತ್ಮಹತ್ಯಾ ಯತ್ನಗಳ ಸಂಭವ 4ರಿಂದ 12 ಪಟ್ಟು ಹೆಚ್ಚೆಂದು ತೋರಿಸಿತು. ಕುಡುಕರನ್ನು ನೀತಿಗೆಟ್ಟವರೆಂದು ಜರೆಯುವ ಸಮಾಜಕ್ಕೆ ಅವರ ಬಾಲ್ಯದ ಗಾಯವನ್ನು ತೋರಿಸಿದ ಈ ಅಧ್ಯಯನದ ಮಹತ್ವ ಸಣ್ಣದಲ್ಲ. ಆದರೆ ಅದರಲ್ಲಿ ಎಣಿಕೆಗೆ ಬಂದದ್ದು ಮನೆಯೊಳಗಿನ ಗಾಯ ಮಾತ್ರ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ಅತಿ ಹಿಂದುಳಿದ ತಾಲ್ಲೂಕುಗಳ ಸಾಲಿಗೆ ಸೇರಿಸಿದ ದೇವದುರ್ಗದಂಥ ಕಡೆ ತಂದೆತಾಯಿ ಗುಳೆ ಹೋಗಿ ಮಗು ಅಜ್ಜಿಯೊಡನೆ ಉಳಿಯುವುದು, ಇಲ್ಲವೇ ಶಾಲೆ ಬಿಟ್ಟು ಅವರೊಡನೆ ಬೆಂಗಳೂರಿನ ಕಟ್ಟಡ ಕೆಲಸದ ಶೆಡ್ಡಿಗೆ ಹೋಗುವುದು ಯಾವ ಕಲಮಿಗೆ ಸೇರಬೇಕು? ಅಲ್ಲಿ ಯಾರೂ ಮಗುವನ್ನು ಹೊಡೆದಿಲ್ಲ, ಯಾರೂ ತೊರೆದಿಲ್ಲ. ಪ್ರಶ್ನಾವಳಿಯ ಪ್ರಕಾರ ಆ ಬಾಲ್ಯ ಶೂನ್ಯ ಅಂಕದ ಬಾಲ್ಯವಾಗಿಬಿಡಬಹುದು.

ಕರ್ನಾಟಕದ ಮಟ್ಟಿಗೆ ಈ ದಿಕ್ಕಿನಲ್ಲಿ ಗಂಭೀರ ಕೆಲಸ ನಡೆದಿರುವುದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ. ವಿವೇಕ್ ಬೆನೆಗಲ್ ಮತ್ತು ಸಹೋದ್ಯೋಗಿಗಳು ಮದ್ಯವ್ಯಸನಿಗಳ ಮಕ್ಕಳಲ್ಲಿ, ಅವರಿನ್ನೂ ವ್ಯಸನಿಗಳಾಗುವ ಮೊದಲೇ, ಮಿದುಳಿನ ವಿದ್ಯುತ್ ಸ್ಪಂದನದಲ್ಲಿ ಹಾಗೂ ರಚನೆಯಲ್ಲಿ ಕಂಡುಬರುವ ವ್ಯತ್ಯಾಸಗಳನ್ನು 1990ರ ದಶಕದಿಂದ ದಾಖಲಿಸುತ್ತ ಬಂದರು. ಅವಳಿಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ 2015ರ ಒಂದು ವಿಶ್ಲೇಷಣೆ ಮದ್ಯವ್ಯಸನದಲ್ಲಿ ಅನುವಂಶೀಯತೆಯ ಪಾಲು ಅರ್ಧದಷ್ಟೆಂದು ಅಂದಾಜಿಸಿದೆ. ಇವುಗಳನ್ನು ಸಂದೇಹಿಸಲು ಕಾರಣವಿಲ್ಲ. ಸಂದೇಹಿಸಬೇಕಾದುದು ಇವು ಜನಬಳಕೆಗೆ ಇಳಿಯುವಾಗ ಪಡೆಯುವ ಅರ್ಥವನ್ನು. ಅನುವಂಶೀಯತೆಯ ಪ್ರಮಾಣ ಒಂದು ಜನಸಮೂಹದೊಳಗಿನ ವ್ಯತ್ಯಾಸವನ್ನು ಕುರಿತದ್ದು. ಒಬ್ಬನ ಕುಡಿತದಲ್ಲಿ ಅರ್ಧ ರಕ್ತದಿಂದ ಬಂತು ಎಂದು ಅದರ ಅರ್ಥವಲ್ಲ. ಒಂದು ಕೇರಿಯ ಅಥವಾ ಜಾತಿಯ ಕುಡಿತ ಹುಟ್ಟುಗುಣವೆಂದು ಹೇಳಲು ಅದು ಎಳ್ಳಷ್ಟೂ ಆಧಾರ ಕೊಡುವುದಿಲ್ಲ. ಜಾತಿಗೊಂದು ಗುಣ ಹಚ್ಚುವ ಗಾದೆಗಳು ಹೇರಳವಾಗಿರುವ ಭಾಷೆಯಲ್ಲಿ ‘ವಂಶವಾಹಿ’ ಎಂಬ ಪದವನ್ನು ಎಚ್ಚರದಿಂದ ಇಳಿಸಬೇಕಾಗುತ್ತದೆ.

ಎಡ್ವರ್ಡ್ ಖಾಂಟ್ಸಿಯನ್ 1985ರಲ್ಲಿ ಮಂಡಿಸಿದ ಸ್ವಯಂ ಚಿಕಿತ್ಸೆಯ ಸಿದ್ಧಾಂತವು ಮೇಲ್ನೋಟಕ್ಕೆ ರಾಯಚೂರು ಸೀಮೆಗೆ ಹೆಚ್ಚು ಹೊಂದುತ್ತದೆ. ವ್ಯಸನಿ ಸುಖಕ್ಕಾಗಿ ಅಲ್ಲ, ಒಳಗಿನ ನೋವನ್ನು ತಣಿಸಲು ಮಾದಕವಸ್ತುವನ್ನು ಬಳಸುತ್ತಾನೆ. ಯಾವ ವಸ್ತುವನ್ನು ಆರಿಸಿಕೊಳ್ಳುತ್ತಾನೆಂಬುದೂ ಆಕಸ್ಮಿಕವಲ್ಲ, ಅವನ ನೋವಿನ ಬಗೆಗೆ ತಕ್ಕಂತಿರುತ್ತದೆ ಎಂಬುದು ಇದರ ತಿರುಳು. ಮಾನ್ವಿಯ ಕಾಲುವೆ ನೀರಾವರಿಯ ಗದ್ದೆಗಳಲ್ಲಿ ದಿನವಿಡೀ ಬಗ್ಗಿ ನಾಟಿ ಹಚ್ಚುವವರ ಸೊಂಟನೋವು, ರಾಯಚೂರಿನ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಹಮಾಲರ ಬೆನ್ನುನೋವು ಕಣ್ಣಿಗೆ ಕಾಣುವಂಥವು. ಆದರೆ ಸಿದ್ಧಾಂತದ ಎರಡನೆಯ ಭಾಗ ಇಲ್ಲಿ ಪೂರ್ಣ ಕುಸಿಯುತ್ತದೆ. ಕುಡಿಯುವವರು ಆರಿಸಿಕೊಂಡದ್ದು ಸೇಂದಿಯನ್ನು. ಕ್ಲೋರಲ್ ಹೈಡ್ರೇಟನ್ನು ಆರಿಸಿದ್ದು ಮಾರುವವರು. ಎಷ್ಟು ಪುಡಿ, ಯಾವ ಗುಳಿಗೆ, ಇಂದು ಇದ್ದದ್ದು ನಾಳೆಯೂ ಇರುವುದೇ ಎಂಬುದನ್ನು ತೀರ್ಮಾನಿಸುವುದೂ ಅವರೇ. ವ್ಯಸನದ ಮನೋವಿಜ್ಞಾನವೆಲ್ಲ ಆಯ್ಕೆ ಮಾಡುವ ಮನಸ್ಸೊಂದನ್ನು ಊಹಿಸಿಕೊಂಡು ನಡೆಯುತ್ತದೆ. ಯಾವ ವಸ್ತುವಿಗೆ ದಾಸರಾಗಿದ್ದೇವೆಂಬುದೇ ತಿಳಿಯದ ವ್ಯಸನಿಗಳನ್ನು ಅದು ಊಹಿಸಿಕೊಂಡಂತಿಲ್ಲ.

ಪರಿಸರದ ಪಾತ್ರವನ್ನು ಒಪ್ಪಿಸಲು ಒಂದು ಹಳೆಯ ಅಧ್ಯಯನವೇ ಸಾಕು. ವಿಯೆಟ್ನಾಂ ಯುದ್ಧದಲ್ಲಿ ಹೆರಾಯಿನ್ ಚಟ ಹತ್ತಿಸಿಕೊಂಡು ಮರಳಿದ ಅಮೆರಿಕದ ಸೈನಿಕರನ್ನು ಲೀ ರಾಬಿನ್ಸ್ 1970ರ ದಶಕದಲ್ಲಿ ಬೆನ್ನುಹತ್ತಿ ಅಧ್ಯಯನ ಮಾಡಿದರು. ಅಲ್ಲಿದ್ದಾಗ ಸುಮಾರು ಐವರಲ್ಲಿ ಒಬ್ಬ ವ್ಯಸನಿಯಾಗಿದ್ದ. ಊರಿಗೆ ಮರಳಿದ ಮೊದಲ ವರ್ಷದಲ್ಲಿ ಅವರ ಪೈಕಿ ಮತ್ತೆ ವ್ಯಸನಕ್ಕೆ ಬಿದ್ದವರು ಶೇ. 5ರಷ್ಟು ಮಾತ್ರ. ಮನಸ್ಸು ಅದೇ, ಬಾಲ್ಯ ಅದೇ, ರಕ್ತ ಅದೇ. ಬದಲಾದದ್ದು ನೆಲ. ಸೈನಿಕನಿಗೆ ಮರಳಲು ಬೇರೆ ನೆಲವಿತ್ತು. ದೇವದುರ್ಗದ ಕೂಲಿಕಾರ ಚಿಕಿತ್ಸೆ ಮುಗಿಸಿ ಮರಳುವುದು ಅದೇ ಓಣಿಗೆ.

ಮಾಪನದ ಸಾಧನಗಳ ಪ್ರಶ್ನೆ ಇದಕ್ಕಿಂತ ತೊಡಕಿನದು. ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ‘ಆಡಿಟ್’ ಎಂಬ ಹತ್ತು ಪ್ರಶ್ನೆಗಳ ಪಟ್ಟಿಯನ್ನು ಮದ್ಯಪಾನದ ತೊಂದರೆ ಅಳೆಯಲು ಜಗತ್ತಿನಾದ್ಯಂತ ಬಳಸುತ್ತಾರೆ. ಒಮ್ಮೆಗೆ ಎಷ್ಟು ಪ್ರಮಾಣ ಕುಡಿಯುತ್ತೀರಿ ಎಂಬುದು ಅದರ ಎರಡನೆಯ ಪ್ರಶ್ನೆ. ಪ್ರಮಾಣವೆಂದರೆ ಸುಮಾರು 10 ಗ್ರಾಂ ಶುದ್ಧ ಮದ್ಯಸಾರ. ಪೌಡರ್ ಸೇಂದಿಯಲ್ಲಿ ಮದ್ಯಸಾರ ನಾಮಮಾತ್ರಕ್ಕಿದ್ದು ಅಮಲೆಲ್ಲ ಪುಡಿಯದಾಗಿರುವಾಗ ಈ ಲೆಕ್ಕ ಏನನ್ನು ಅಳೆಯುತ್ತದೆ? ಭಾಷೆಯ ತೊಡಕು ಬೇರೆ. ‘ಮದ್ಯಪಾನ’ ಎಂಬ ಪುಸ್ತಕದ ಮಾತನ್ನು ಕೇಳಿದವರು ಸೇಂದಿಯನ್ನು ಅದರೊಳಗೆ ಸೇರಿಸಿಕೊಳ್ಳದೆ ಇಲ್ಲವೆಂದರೆ ಅದು ಸುಳ್ಳಾಗುವುದಿಲ್ಲ. ‘ವ್ಯಸನ’ ಎಂಬ ಪದಕ್ಕೆ ಕನ್ನಡದಲ್ಲಿ ದುಃಖ ಎಂಬ ಅರ್ಥವೂ ಇದೆ. ಮರಣದ ಸುದ್ದಿ ತಿಳಿಸುವಾಗ ವ್ಯಸನಪಡುವುದು ಇಂದಿಗೂ ಬರವಣಿಗೆಯ ರೂಢಿ. ‘ಚಟ’ ಎಂದರೆ ಬೈಗುಳಕ್ಕೆ ಸಮೀಪ. ಮನೋವಿಜ್ಞಾನಿಗಳು ಪ್ರಶ್ನಾವಳಿಯನ್ನು ಕನ್ನಡಕ್ಕೆ ತರುವಾಗ ಹಿಂದಿರುಗಿ ಅನುವಾದಿಸಿ ಸರಿನೋಡುತ್ತಾರೆ, ನಿಜ. ಆ ಪರೀಕ್ಷೆ ಪದಕ್ಕೆ ಪದ ಕೂಡುತ್ತದೆಯೇ ಎಂದು ಹೇಳಬಲ್ಲುದು. ಆ ಪದ ಕೇಳಿದವರು ತಲೆ ತಗ್ಗಿಸುತ್ತಾರೆಯೇ ಎಂದು ಹೇಳಲಾರದು.

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ಸಂಸ್ಥೆ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯನ್ನೂ ಈ ಹಿನ್ನೆಲೆಯಲ್ಲಿ ಓದಬೇಕು. 186 ಜಿಲ್ಲೆಗಳ 4,73,569 ಜನರನ್ನು ಒಳಗೊಂಡ ಈ ಸಮೀಕ್ಷೆಯ ಶಿಸ್ತು ಮೆಚ್ಚುವಂಥದು. ಹತ್ತರಿಂದ ಎಪ್ಪತ್ತೈದು ವಯಸ್ಸಿನೊಳಗಿನವರಲ್ಲಿ ಮದ್ಯ ಸೇವಿಸುವವರು ಶೇ. 14.6, ಅದರಲ್ಲಿ ಗಂಡಸರು ಶೇ. 27.3, ಹೆಂಗಸರು ಶೇ. 1.6, ವೈದ್ಯರ ಸಲಹೆಯಿಲ್ಲದೆ ನಿದ್ರಾಜನಕ ಬಳಸುವವರು ಶೇ. 1.08 ಎಂದು ಅದು ಹೇಳುತ್ತದೆ. ಪೌಡರ್ ಸೇಂದಿ ಕುಡಿಯುವ ಹೆಣ್ಣುಮಗಳೊಬ್ಬಳು ಇದರಲ್ಲಿ ಎಲ್ಲಿಗೆ ಸೇರುತ್ತಾಳೆ? ಮದ್ಯದ ಕಲಮಿನಲ್ಲಿ ಸಿಕ್ಕರೆ ಅದು ಅವಳ ಕಾಯಿಲೆಯ ಹೆಸರಲ್ಲ. ನಿದ್ರಾಜನಕದ ಕಲಮಿನಲ್ಲಿ ಅವಳು ಸಿಗುವಂತೆಯೇ ಇಲ್ಲ, ಏಕೆಂದರೆ ತಾನು ಗುಳಿಗೆ ನುಂಗಿದ್ದೇನೆಂದು ಅವಳಿಗೆ ಗೊತ್ತಿಲ್ಲ.

ಇದು ಬರಿಯ ವರ್ಗೀಕರಣದ ವಾದವಾಗಿದ್ದರೆ ವಿದ್ವಾಂಸರಿಗೆ ಬಿಟ್ಟು ಸುಮ್ಮನಿರಬಹುದಿತ್ತು. 2015ರ ಸೆಪ್ಟೆಂಬರ್‌ನಲ್ಲಿ ತೆಲಂಗಾಣದ ಅಬಕಾರಿ ಇಲಾಖೆ ಕಲಬೆರಕೆ ಸೇಂದಿಯ ಮೇಲೆ ಬಿಗಿ ಮಾಡಿದಾಗ ನಿಜಾಮಾಬಾದ್ ಮೊದಲಾದ ಜಿಲ್ಲೆಗಳಲ್ಲಿ ನೂರಾರು ಜನ ಆಸ್ಪತ್ರೆ ಸೇರಿದರು. ಹೈದರಾಬಾದಿನ ಎರ್ರಗಡ್ಡದ ಮಾನಸಿಕ ಆಸ್ಪತ್ರೆಗೂ ರೋಗಿಗಳು ಬಂದರು. ಅಪಸ್ಮಾರದಂಥ ಸೆಳೆತ, ಭ್ರಮೆ, ಅಸಂಬದ್ಧ ಮಾತು, ನಿದ್ರೆಯಿಲ್ಲದ ಚಡಪಡಿಕೆ ಅವರಲ್ಲಿ ಕಂಡವು. ಕುಡಿದದ್ದರಿಂದ ಬಂದ ತೊಂದರೆಗಳಲ್ಲ ಇವು; ದಿನವೂ ದೊರೆಯುತ್ತಿದ್ದ ನಿದ್ರಾಜನಕ ಒಮ್ಮೆಲೇ ನಿಂತುದರಿಂದ ಬಂದವು. ಇಂಥ ಔಷಧಗಳನ್ನು ಹಂತಹಂತವಾಗಿ ತಗ್ಗಿಸುತ್ತ ಬಿಡಿಸಬೇಕೆಂಬುದು ವೈದ್ಯಶಾಸ್ತ್ರದಲ್ಲಿ ಹಳೆಯ ತಿಳಿವಳಿಕೆ. ಮಡಕೆಯಲ್ಲಿ ಏನಿತ್ತೆಂದು ಮೊದಲು ಕೇಳದ ಸಂಶೋಧನೆ, ಕುಡಿಯುವವನ ಸ್ವಭಾವವನ್ನು ಎಷ್ಟೇ ಸೂಕ್ಷ್ಮವಾಗಿ ಅಳೆದಿದ್ದರೂ, ಆ ದಿನ ಆಸ್ಪತ್ರೆಯ ಬಾಗಿಲಲ್ಲಿ ನಿಂತವರಿಗೆ ಏನನ್ನೂ ಹೇಳಲಾರದು.

ಸಂಶೋಧನೆ ಹಿಂದೆ ಸರಿಸಿದ ಲಭ್ಯತೆಯ ಪ್ರಶ್ನೆಯನ್ನು ಮುಂದಕ್ಕೆ ತಂದವರು ಈ ಸೀಮೆಯ ಹೆಣ್ಣುಮಕ್ಕಳು. ರಾಯಚೂರು ಜಿಲ್ಲೆಯಲ್ಲಿ ಬಲವಾಗಿ ಬೇರೂರಿದ ಮದ್ಯ ನಿಷೇಧ ಆಂದೋಲನದ ಮಹಿಳೆಯರು 2019ರ ಜನವರಿ 19ರಂದು ಚಿತ್ರದುರ್ಗದಿಂದ ಹೊರಟು, ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ನಡೆದು 30ರಂದು ಬೆಂಗಳೂರು ಮುಟ್ಟಿದರು. ಹಳ್ಳಿಗಳಲ್ಲಿನ ಅಕ್ರಮ ಮಾರಾಟ ನಿಲ್ಲಬೇಕೆಂಬುದು ಅವರ ಬೇಡಿಕೆಗಳಲ್ಲಿತ್ತು. ಗಂಡಂದಿರ ಸ್ವಭಾವ ತಿಳಿಯದವರಲ್ಲ ಅವರು. ಆದರೂ ಬೆರಳು ತೋರಿಸಿದ್ದು ಮಾರುವ ಕಟ್ಟೆಯ ಕಡೆಗೆ. ಮದ್ಯ ನಿಷೇಧ ಪರಿಹಾರವೇ ಎಂಬುದು ಬೇರೆ ಚರ್ಚೆ. ಸೇಂದಿ ನಿಷೇಧದ ಅನುಭವ ಅದಕ್ಕೆ ಸುಲಭದ ಉತ್ತರ ಕೊಡುವುದಿಲ್ಲ.

ಮನೋವಿಜ್ಞಾನವನ್ನು ಇಷ್ಟು ವಿಮರ್ಶಿಸಿದ ಮೇಲೆ ಜಾನಪದ ಅಧ್ಯಯನವನ್ನು ಹಾಗೆಯೇ ಬಿಡುವುದು ನ್ಯಾಯವಲ್ಲ. ಡ್ವೈಟ್ ಹೀತ್ 1958ರಲ್ಲಿ ಬೊಲಿವಿಯಾದ ಕಾಂಬಾ ಜನರ ಬಗ್ಗೆ ಬರೆದ ಪ್ರಬಂಧ ಮಾನವಶಾಸ್ತ್ರದಲ್ಲಿ ಪ್ರಸಿದ್ಧವಾದುದು. ಶೇ. 89ರಷ್ಟು ಮದ್ಯಸಾರವಿರುವ ಪಾನೀಯವನ್ನು ಹಬ್ಬಗಳಲ್ಲಿ ಕುಡಿದು ಬೀಳುವ ಆ ಜನರಲ್ಲಿ ಜಗಳವಾಗಲಿ ವ್ಯಸನವಾಗಲಿ ಕಾಣದೆಂದು ಅದು ಹೇಳಿತು. ಕುಡಿತಕ್ಕೆ ಸಂಸ್ಕೃತಿಯ ಕಟ್ಟು ಇರುವಲ್ಲಿ ವ್ಯಸನ ಹುಟ್ಟದೆಂಬ ನಂಬಿಕೆ ಇಂಥ ಬರಹಗಳಿಂದ ಬೆಳೆಯಿತು. 1984ರಲ್ಲಿ ರಾಬಿನ್ ರೂಮ್ ಮಾನವಶಾಸ್ತ್ರಜ್ಞರು ಕುಡಿತದ ಕೇಡನ್ನು ಕಡಿಮೆ ಮಾಡಿ ತೋರಿಸುತ್ತ ಬಂದಿದ್ದಾರೆಂದು ನೇರವಾಗಿಯೇ ಆಕ್ಷೇಪಿಸಿದ. ಈ ಆಕ್ಷೇಪ ಕನ್ನಡ ಜಾನಪದಕ್ಕೂ ತಾಗುತ್ತದೆ. ಹೆಂಡದ ಮಾರಯ್ಯನಂಥ ಶರಣನನ್ನು ನೆನೆದು, ದೇವತೆಯ ಎಡೆಯನ್ನು ವರ್ಣಿಸಿ, ಸೇಂದಿಯನ್ನು ದುಡಿಯುವ ವರ್ಗದ ಸಂಸ್ಕೃತಿಯ ಕುರುಹೆಂದು ಕೊಂಡಾಡುವ ಬರಹ ಮರದ ಸೇಂದಿಯ ಕಾಲದಲ್ಲೇ ನಿಂತುಬಿಟ್ಟಿದೆ. ಎಡೆಗಿಟ್ಟ ಮಡಕೆಯಲ್ಲಿ ಇಂದು ಏನಿದೆ ಎಂದು ಅದೂ ಕೇಳಿಲ್ಲ.

ವ್ರತದ ವಿಷಯದಲ್ಲಿ ಈ ಮರೆವು ಅಪಾಯಕಾರಿಯಾಗುತ್ತದೆ. ಶ್ರಾವಣದ ನೇಮ, ಮೊಹರಂನಲ್ಲಿ ಫಕೀರರಾಗುವ ಹರಕೆ, ಅಯ್ಯಪ್ಪ ಮಾಲೆಯ 41 ದಿನಗಳ ವ್ರತ ಇವೆಲ್ಲ ಕುಡಿತ ಬಿಡುವ ಕಾಲಗಳು. ಜಾತಿ ಮತಗಳನ್ನು ಮೀರಿ ಊರಿಗೆ ಊರೇ ಅಲಾಯಿ ಕುಣಿಯುವ ಈ ಸೀಮೆಯಲ್ಲಿ ಹರಕೆಗಿರುವ ಬಲವನ್ನು ಬೇರೆ ಹೇಳಬೇಕಿಲ್ಲ. ಜಾನಪದ ವಿದ್ವಾಂಸರು ಇದನ್ನು ಸಮುದಾಯದ ವಿವೇಕವೆಂದರೆ, ಮನೋವಿಜ್ಞಾನಿಗಳು ‘ರಕ್ಷಣಾತ್ಮಕ ಅಂಶ’ ಎನ್ನುತ್ತಾರೆ. ಮರದ ಸೇಂದಿಯ ಮಟ್ಟಿಗೆ ಇಬ್ಬರ ಮಾತೂ ಒಪ್ಪುವಂಥದೇ. ದಿನವೂ ಪೌಡರ್ ಸೇಂದಿ ಕುಡಿಯುತ್ತಿದ್ದವನು ಮಾಲೆ ಹಾಕಿದ ದಿನದಿಂದ ಪೂರ್ಣ ನಿಲ್ಲಿಸಿದರೆ, ಎರಡು ಮೂರು ದಿನಗಳಲ್ಲಿ ಅವನಿಗೆ ಸೆಳೆತ ಬರಬಹುದು, ಇಲ್ಲದ್ದು ಕಾಣಬಹುದು, ಕೇಳಬಹುದು. ಮನೆಯವರು ಅದನ್ನು ವ್ರತಭಂಗದ ಫಲವೆಂದೋ ದೇವರ ಕಾಟವೆಂದೋ ತಿಳಿದು ಆಸ್ಪತ್ರೆಗೆ ಬದಲು ಗುಡಿಗೆ, ದರ್ಗಾಕ್ಕೆ ಕರೆದೊಯ್ದರೆ ಆಶ್ಚರ್ಯಪಡಬೇಕಿಲ್ಲ. ಜೀವ ಉಳಿಸಬೇಕಾದ ಸಂಕಲ್ಪವೇ ಜೀವಕ್ಕೆ ಎರವಾಗುವ ಈ ಸ್ಥಿತಿಯನ್ನು ಅಪಾಯಕಾರಿ ಅಂಶ, ರಕ್ಷಣಾತ್ಮಕ ಅಂಶ ಎಂಬ ಎರಡು ಕಲಮುಗಳಲ್ಲಿ ಎಲ್ಲಿಯೂ ಬರೆಯಲು ಬಾರದು. ಮರದ ಸೇಂದಿ, ಪೌಡರ್ ಸೇಂದಿ ಎಂದು ಜನ ತಾವೇ ಬೇರೆ ಬೇರೆ ಹೆಸರಿಟ್ಟು ಕರೆಯುತ್ತಾರೆ. ಕ್ಷೇತ್ರಕಾರ್ಯಕ್ಕೆ ಹೋಗುವ ಜಾನಪದ ವಿದ್ಯಾರ್ಥಿಯ ಟಿಪ್ಪಣಿ ಪುಸ್ತಕದಲ್ಲಿಯೂ ತಾಲ್ಲೂಕು ಆಸ್ಪತ್ರೆಯ ರೋಗಿ ಚೀಟಿಯಲ್ಲಿಯೂ ಅವೆರಡು ಬೇರೆಬೇರೆಯಾಗಿ ದಾಖಲಾಗಬೇಕು. ಮಾಲೆ ಹಾಕಿಸುವ ಗುರುಸ್ವಾಮಿಯೂ ಹರಕೆ ಹೊತ್ತವರ ಮನೆಯ ಹಿರಿಯರೂ ನೇಮ ಹಿಡಿಯುವ ಮೊದಲು, ಕುಡಿಯುತ್ತಿದ್ದುದು ಯಾವ ಸೇಂದಿ ಎಂದು ಕೇಳಿಕೊಳ್ಳಬೇಕು.